ಗಾಣದ ಎಂಜಿನ್ನು

"ಈ ಹಂಗಾಮ ಮುಗೀಲಿ ಜಮಾಲ, ನಿನ್ನ ಎಂಜಿನ್ನ ನಿನ್ನ ಜೀಪಿನ್ಯಾಗ ನನ್ನ ಕೈಯಾರೆ ಕೂಡ್ರಸಿ ಕೊಡ್ತೀನಿ" ಅಂತ ಅಣ್ಣಾಸಾಬ ಮಾತು ಕೊಟ್ಟಾಗ ಅವನ ಮಗಳು ಗಂಗಾ ಇನ್ನೂ ಲಂಗ ಹಾಕುತ್ತಿದ್ದಳು. ಕಡಿದ ಕಬ್ಬು ಗಾಣದ ಮುಂದೆ ರಾಶಿ ಬಿದ್ದಿತ್ತು. ಗಾಣ ತಿರುಗಿಸುವ ಎಂಜಿನ್ನು ಜಾಮಾಗಿ ಕೂತಿತ್ತು. ಕುಡಚಿಯ ಜಮಾಲಸಾಬ ತನ್ನ ಹಳೇ ಪೆಟ್ರೋಲ್ ಜೀಪಿಗೆ ಹಾಕಬೇಕೆಂದು ಕೊಲ್ಲಾಪುರದಿಂದ ಒಂದು ಡೀಸೆಲ್ ಎಂಜಿನ್ನು ತಂದಿಟ್ಟುಕೊಂಡಿದ್ದ. ಸುದ್ದಿ ಕೇಳಿದವನೇ, ಅದಕ್ಕೆ ಸುತ್ತಿದ ಗೋಣಿತಟ್ಟನ್ನೂ ಬಿಚ್ಚದೆ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಗೆಳೆಯನ ಗಾಣದ ಮುಂದೆ ಇಳಿಸಿದ. ಆ ವರ್ಷದ ಬೆಲ್ಲ ಉಳಿಯಿತು.

ಹಂಗಾಮು ಮುಗಿಯಿತು. ಮುಂದಿನದೂ ಬಂತು. ಗಾಣಕ್ಕೆ ಕೂತ ಎಂಜಿನ್ನಿಗೆ ಆ ಜಾಗವೇ ಹಿಡಿಸಿದಂತಿತ್ತು. ಅಣ್ಣಾಸಾಬ ಪ್ರತಿ ಯುಗಾದಿಗೆ "ಇನ್ನೊಂದ ಹಂಗಾಮ" ಅನ್ನುತ್ತಿದ್ದ, ಜಮಾಲಸಾಬ "ಅವಸರ ಯಾರಿಗೈತಿ" ಅನ್ನುತ್ತಿದ್ದ. ಕಡೆಗೆ ಗಾಣಕ್ಕೆ ಕರೆಂಟಿನ ಮೋಟರು ಬಂತು. ಎಂಜಿನ್ನಿಗೆ ಬಿಡುವಾಯಿತು ಅನ್ನುವ ಹೊತ್ತಿಗೆ ಅಣ್ಣಾಸಾಬನಿಗೆ ಲಕ್ವಾ ಹೊಡೆಯಿತು. ಬಲಗೈ ಜೋತುಬಿತ್ತು. ಮಾತು ಗಂಟಲಲ್ಲೇ ತುಂಡಾಗಿ ಉಳಿಯಿತು.

ಅಷ್ಟಾದರೂ ಜಮಾಲಸಾಬ ಎಂಜಿನ್ನು ಕೇಳಲಿಲ್ಲ, ಬೇರೆಯವರಿಂದ ಕೂಡ್ರಿಸಲೂ ಇಲ್ಲ. ರಾಯಬಾಗದ ಮೆಕ್ಯಾನಿಕ್ ಒಬ್ಬ ತಾನೇ ಬಂದು ಕೇಳಿದ್ದಕ್ಕೆ, "ಕೂಡ್ರಸ್ತೀನಿ ಅಂದಾಂವ ಅಣ್ಣಾಸಾಬ. ನಿನ್ನ ಹೆಸರ ಅಣ್ಣಾಸಾಬ ಏನ?" ಅಂತ ವಾಪಸು ಕಳಿಸಿದ್ದ.

ಈ ವರ್ಷ ದಸರೆಗೆ ಮೊದಲು ಅವನ ಹೆಂಡತಿ ರಹಿಮಾಬಿ ಒಬ್ಬಳೇ ಬಸ್ಸು ಹಿಡಿದು ಗಾಣಕ್ಕೆ ಬಂದಳು. ಗಾಣ ಈಗ ಗಂಗಾಳದೇ. ಗಂಡ ಸಕ್ಕರೆ ಕಾರ್ಖಾನೆಯ ಲಾರಿ ಮೇಲೆ. ಇಲ್ಲಿ ಕೂಲಿಯಾಳು, ಕಬ್ಬು, ಎರಡು ಮಕ್ಕಳ ಸಾಲಿ, ಅಪ್ಪನ ಊಟ ಎಲ್ಲ ಅವಳ ತಲೆ ಮೇಲೆ. ಬೆಲ್ಲದ ಕಡಾಯಿ ತಿಕ್ಕುತ್ತ ಕೂತಿದ್ದವಳ ಪಕ್ಕದಲ್ಲಿ ರಹಿಮಾಬಿ ಕುಕ್ಕರಗಾಲಲ್ಲಿ ಕೂತಳು.

"ಗಂಗಾ, ಜೀಪಿನ ಪೆಟ್ರೋಲ್ ಎಂಜಿನ್ನ ಸತ್ತಹೋತ ಬೇ. ನಿಪ್ಪಾಣಿ ಗುಜರಿಯಾಂವ ಎರಡ ಸಲ ಬಂದ ನೋಡಿ ಹೋಗ್ಯಾನ. ನಮ್ಮ ಮನಿಯಾಂವ ಇಷ್ಟ ದಿನ ಅವನ್ನ ಬೈದ ಕಳಸ್ತಿದ್ದ. ಈ ಸಲ ಚಾ ಕುಡಿಸಿ ಕಳಿಸ್ಯಾನ."

ಗಂಗಾಳ ಕೈ ನಿಂತಿತು.

"ಕೊಡ್ತಾರೇನ್ರಿ?"

"ಮಂದಿ ಕೈ ಹಾಕಿಸೂದಕಿಂತಾ ಗುಜರಿಗೆ ಹಾಕೂದ ಚಲೋ ಅಂತಾನ. ದೀಪಾವಳಿ ಮಟಾ ನೋಡ್ತಾನಂತ."

ಹೊರಸಿನ ಮೇಲೆ ಕೂತಿದ್ದ ಅಣ್ಣಾಸಾಬನಿಗೆ ಇದೆಲ್ಲ ಕೇಳಿಸಿತು. ಅವನು ಮುಖವನ್ನು ಗೋಡೆಗೆ ತಿರುಗಿಸಿಕೊಂಡ. ಲಕ್ವಾ ಹೊಡೆದ ದಿನವೂ ಅಪ್ಪ ಹಾಗೆ ಮುಖ ತಿರುಗಿಸಿದ್ದನ್ನು ಗಂಗಾ ನೋಡಿರಲಿಲ್ಲ. ಜೀಪು ಗುಜರಿಗೆ ಹೋದರೆ ಅಪ್ಪ ಸುಳ್ಳನಾಗಿ ಸಾಯುತ್ತಾನೆ. ದೀಪಾವಳಿ ಕಳೆದರೆ ಗಾಣ ಸುರು. ಆಮೇಲೆ ಅವಳಿಗೆ ತಲೆ ಬಾಚಿಕೊಳ್ಳಲೂ ಪುರಸೊತ್ತಿಲ್ಲ.

"ಜೀಪ ಎಳಕೊಂಡ ಬರ್ರಿ" ಅಂದಳು. "ಅಪ್ಪಾ ಇಲ್ಲೇ ಕುಂತ ಕೈ ಮಾಡಿ ತೋರಸ್ತಾನ, ನಾ ಮಾಡ್ತೀನಿ. ಗಾಣದ ಎಂಜಿನ್ನ ಬಿಚ್ಚಿ ಕಟ್ಟೂದ ಅವನ ಕೈಯಾಗ ಕಲ್ತಾಕಿ ನಾ."

ಜಮಾಲಸಾಬ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಜೀಪು ಎಳೆಸಿಕೊಂಡು ಬಂದ. ಇಳಿದವನೇ ಗೆಳೆಯನ ಹೊರಸಿಗೆ ಹೋಗಿ ಕೂತ.

"ಏನಪಾ, ನೀ ಮಾತ ಕೊಟ್ಟಾಗ ನನ್ನ ಗಡ್ಡ ಕರೇದಿತ್ತು. ಇನ್ನ ಸ್ವಲ್ಪ ತಡಾ ಮಾಡಿದ್ರ ಗಡ್ಡಾನೂ ಇರ್ತಿರಲಿಲ್ಲ."

ಅಣ್ಣಾಸಾಬನ ಅರ್ಧ ಬಾಯಿ ನಕ್ಕಿತು.

ಗಂಗಾ ಮೊದಲು ಸತ್ತ ಎಂಜಿನ್ನು ಎತ್ತಿ ಹೊರಗಿಟ್ಟಳು. ಆಮೇಲೆ ಗಾಣದ ಮೂಲೆಯಲ್ಲಿ ತಾಡಪತ್ರಿ ಹೊದ್ದು ಕೂತಿದ್ದ ಡೀಸೆಲ್ ಎಂಜಿನ್ನು ಬಿಚ್ಚಿದಳು. ಮೈಯೆಲ್ಲ ಬೆಲ್ಲದ ಕಿಟ್ಟ. ಬಿಸಿನೀರು, ಸೀಮೆಎಣ್ಣೆ ಹಾಕಿ ತಿಕ್ಕಿದಾಗ ಒಳಗಿನ ಕಬ್ಬಿಣ ಕಂಡಿತು. ಬೆಲ್ಟಿನ ದೊಡ್ಡ ಗಾಲಿ ಬಿಚ್ಚಿ ಆ ಜಾಗಕ್ಕೆ ಕ್ಲಚ್ಚು ಕೂಡ್ರಿಸಿದಳು. ಎಂಜಿನ್ನಿನ ಬಾಯಿ, ಜೀಪಿನ ಗೇರುಪೆಟ್ಟಿಗೆಯ ಬಾಯಿ ಕೂಡುವುದಿಲ್ಲವಲ್ಲ, ನಡುವೆ ಒಂದು ದಪ್ಪ ಪ್ಲೇಟು ಬೇಕು. ಅದನ್ನು ಕುಡಚಿಯ ಲೇತಿನ ಅಕೀಬ ಕೊರೆದು ಕೊಟ್ಟ. ಕೊಡುವಾಗ ಒಂದು ಸಲಹೆಯನ್ನೂ ಕೊಟ್ಟ: ಎಂಜಿನ್ನಿನ ಎಣ್ಣೆ ತೊಟ್ಟಿ ಮುಂದಿನ ಅಚ್ಚಿಗೆ ಬಡಿಯುತ್ತದೆ, ಮುಂದಿನ ಗಾಲಿಗೆ ಹೋಗುವ ದಂಡವನ್ನೇ ತೆಗೆದುಬಿಡಿ, ಹಿಂದಿನ ಎರಡು ಗಾಲಿ ಎಳೆದರೆ ಸಾಕು, ಈಗ ಎಲ್ಲರೂ ಹಾಗೇ ಮಾಡುತ್ತಾರೆ.

"ನಾಕೂ ಗಾಲಿ ಎಳೀಲಿಲ್ಲಂದ್ರ ಅದ ಜೀಪ ಅಲ್ಲ, ಟಾಂಗಾ" ಅಂದ ಜಮಾಲಸಾಬ.

ಗಂಗಾ ದಂಡ ತೆಗೆಯಲಿಲ್ಲ. ಎಂಜಿನ್ನು ಕೂಡುವ ಕಾಲುಗಳ ಕೆಳಗೆ ಕಬ್ಬಿಣದ ತುಂಡು ಬೆಸೆಸಿ ಎಂಜಿನ್ನನ್ನೇ ಮೇಲಕ್ಕೆ ಎತ್ತಿದಳು.

ಕೂಡ್ರಿಸುವ ಹೊತ್ತಿಗೆ ಜಮಾಲಸಾಬ ಬೆರಗಾಗಿ ನಿಂತ. ಬೆಲ್ಲದ ಕಡಾಯಿ ಎತ್ತುವ ಮೂರು ಕಾಲಿನ ಕಬ್ಬಿಣದ ತೊಲೆಗೆ ಚೈನುಪುಲ್ಲಿ ಹಾಕಿ ಎಂಜಿನ್ನು ಎತ್ತಿದ ಗಂಗಾ, ಅದರ ಮೂತಿ ಮೇಲೆ ಮಾಡಿ, ಬಾಲ ಇಳಿಬಿಟ್ಟು, ಒಂದು ಕೈಯಲ್ಲಿ ಸರಪಳಿ ಹಿಡಿದು, ಇನ್ನೊಂದು ಕೈಯನ್ನು ಎಂಜಿನ್ನಿನ ಬೆನ್ನ ಮೇಲಿಟ್ಟು ಹಗೂರಕ್ಕೆ ಒಳಗೆ ಜಾರಿಸಿದಳು. ಕುದಿಯುವ ಪಾಕದ ಕಡಾಯಿಯನ್ನು ವರ್ಷಗಟ್ಟಲೆ ಹನಿ ಚೆಲ್ಲದಂತೆ ಬಗ್ಗಿಸಿದ ಕೈ ಅದು. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಅಂತ ಯಾರೂ ಹೇಳುವ ಅಗತ್ಯವೇ ಬೀಳಲಿಲ್ಲ. ಹೊರಸಿನ ಮೇಲಿಂದ ಅಣ್ಣಾಸಾಬ ಎಡಗೈಯನ್ನು ಅವಳ ಕೈಯ ಲಯಕ್ಕೇ ಇಳಿಸುತ್ತಿದ್ದ.

"ಇಂಥಾ ಮಗಳ ಇದ್ಲಂದ್ರ ನಾನೂ ಮಾತ ಕೊಟ್ಟ ಮರೀತಿದ್ದೆ" ಅಂದ ಜಮಾಲಸಾಬ. ಅಣ್ಣಾಸಾಬ ಈ ಸಲ ನಗಲಿಲ್ಲ.

ಡೀಸೆಲ್ ಪೈಪಿನ ಗಾಳಿ ತೆಗೆದು ಚಾವಿ ತಿರುಗಿಸಿದ ಕೂಡಲೇ ಎಂಜಿನ್ನು ಎರಡು ಸಲ ಕೆಮ್ಮಿ ಹಿಡಿಯಿತು. ಗಾಣದ ತಗಡೆಲ್ಲ ನಡುಗಿತು. ಜಮಾಲಸಾಬ ಚಾವಿ ಬಂದ್ ಮಾಡಿದ, ಎಂಜಿನ್ನು ನಿಲ್ಲಲಿಲ್ಲ. ಡೀಸೆಲ್ ಎಂಜಿನ್ನಿಗೆ ನಿಲ್ಲಿಸುವ ತಂತಿ ಬೇರೆ ಅನ್ನುವುದು ಅವನಿಗೆ ಮರೆತೇ ಹೋಗಿತ್ತು.

"ನಿಮ್ಮ ಗುಣಾನ ಐತ್ರಿ ಅದಕ್ಕ" ಅಂದಳು ರಹಿಮಾಬಿ. "ಹೇಳಿದ್ರ ನಿಂದ್ರಂಗಿಲ್ಲ."

ಆದರೆ ಕ್ಲಚ್ಚು ಒತ್ತಿ ಗೇರು ಹಾಕಿದರೆ ಕರ್‌ರ್ ಅಂತ ಹಲ್ಲು ಮಸೆಯುವ ಸದ್ದು. ಮತ್ತೆ ಒತ್ತಿದಳು, ಮತ್ತೆ ಅದೇ. ಕ್ಲಚ್ಚಿನ ತಂತಿ ಬಿಗಿದಳು, ಸಡಿಲಿಸಿದಳು. ಗೇರು ಕೂಡಲಿಲ್ಲ. ಗಂಗಾ ಚಕ್ರದ ಪಕ್ಕ ಮಣ್ಣಿನಲ್ಲಿ ಕೂತುಬಿಟ್ಟಳು. ದೀಪಾವಳಿ ಬಂದೇಬಿಟ್ಟಿತು, ಇನ್ನು ಮೂರ್ನಾಲ್ಕು ದಿನಕ್ಕೆ ಕಬ್ಬಿನ ಗಾಡಿಗಳು ಬರುತ್ತವೆ.

"ಬ... ಬ..." ಅಂದ ಅಣ್ಣಾಸಾಬ.

"ಬ್ಯಾಟರಿ ಅಂತಾನ" ಅಂದ ಜಮಾಲಸಾಬ.

ಅಣ್ಣಾಸಾಬ ತಲೆ ಅಲ್ಲಾಡಿಸಿ, ಮಗಳನ್ನು ಹತ್ತಿರ ಕರೆದು, ಅವಳ ಮುಂಗೈ ಬಳೆ ಹಿಡಿದು ಜಗ್ಗಿದ.

"ಈ ವಯಸ್ಸಿನ್ಯಾಗ ಬಳಿ ಹಾಕ್ಕೊತೀಯೇನೋ?" ಅಂದ ಜಮಾಲಸಾಬ.

ಗಂಗಾ ಒಂದು ಬಳೆ ತೆಗೆದುಕೊಟ್ಟಳು. ಅಣ್ಣಾಸಾಬ ಅದನ್ನು ತನ್ನ ಸತ್ತ ಬಲಗೈಯ ಬೆರಳಿಗೆ ತೂರಿಸಿ ಅಲ್ಲಾಡಿಸಿದ. ಬಳೆ ಗಡಗಡ ಓಲಾಡಿತು. ಆಮೇಲೆ ಹೆಗಲ ಮೇಲಿನ ಟವೆಲಿನ ಚುಂಗನ್ನು ಆ ಬೆರಳಿಗೆ ಸುತ್ತಿ ಬಳೆಯೊಳಗೆ ತುರುಕಿದ. ಬಳೆ ಗಟ್ಟಿಯಾಗಿ ಕೂತಿತು. ಮಗಳ ಮುಖ ನೋಡಿದ.

ಗಂಗಾ ಎದ್ದು ನಿಂತಳು. ಗೇರುಪೆಟ್ಟಿಗೆಯ ದಂಡದ ತುದಿ ಎಂಜಿನ್ನಿನ ಹಿಂಬದಿಯ ತೂತಿನಲ್ಲಿ ಕೂಡುತ್ತದೆ. ಅಲ್ಲಿ ಟವೆಲಿನ ಚುಂಗಿನಂತೆ ಸಂದು ತುಂಬಲು ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ಬುಶ್ಶು ಇರಬೇಕು, ಇಲ್ಲದಿದ್ದರೆ ದಂಡ ಓಲಾಡುತ್ತದೆ, ಕ್ಲಚ್ಚು ಬಿಡುವುದಿಲ್ಲ. ಗಾಣಕ್ಕೆ ಗೇರೂ ಇಲ್ಲ, ದಂಡವೂ ಇಲ್ಲ. ಬೆಲ್ಟಿನ ಗಾಲಿ ಬಿಗಿಯುವಾಗ ಆ ಬುಶ್ಶು ಕಿತ್ತು ಒಗೆದಿದ್ದರು. ಅದು ಇತ್ತು ಅನ್ನುವುದು ನೆನಪಿದ್ದದ್ದು ಅಣ್ಣಾಸಾಬನೊಬ್ಬನಿಗೆ. ಮಾತು ಹೋದರೂ ಎಂಜಿನ್ನಿನ ಒಳಗು ಅವನ ತಲೆಯಲ್ಲಿ ಇದ್ದಂತೇ ಇತ್ತು.

ಮತ್ತೆ ಎಲ್ಲ ಬಿಚ್ಚಬೇಕು. ಬೈಯಲಿಲ್ಲ ಗಂಗಾ. ಮರುದಿನ ಮಕ್ಕಳಿಗೆ ರೊಟ್ಟಿ ಕಟ್ಟಿ ಸಾಲಿಗೆ ಅಟ್ಟಿ, ಬಂದು ಸರಪಳಿ ಹಿಡಿದಳು. ಎಂಜಿನ್ನು ಮತ್ತೆ ಮೇಲೆ ಬಂತು. ರಹಿಮಾಬಿ ತಾನೇ ಅಕೀಬನ ಲೇತಿನ ಮುಂದೆ ಕೂತು ಬುಶ್ಶು ಮಾಡಿಸಿಕೊಂಡು, ಸೆರಗಿಗೆ ಗಂಟು ಹಾಕಿಕೊಂಡು ತಂದಳು.

ಎಣ್ಣೆಯಲ್ಲಿ ಅದ್ದಿದ ಬುಶ್ಶನ್ನು ಗಂಗಾ ತೂತಿನ ಬಾಯಿಗೆ ಹಿಡಿದಳು. ಆಮೇಲೆ ಅಪ್ಪ ಕೈಯಾರೆ ಕೂಡ್ರಿಸುತ್ತೇನೆ ಅಂದದ್ದು ನೆನಪಾಗಿ ನಿಂತಳು. ಜಮಾಲಸಾಬನಿಗೂ ಅದೇ ಹೊಳೆದಿತ್ತು. ಅವನು ಆಗಲೇ ಗೆಳೆಯನ ಬಗಲಿಗೆ ಕೈ ಕೊಟ್ಟು ಎಬ್ಬಿಸುತ್ತಿದ್ದ.

ಅಣ್ಣಾಸಾಬ ಎಡಗೈಯಲ್ಲಿ ಸುತ್ತಿಗೆ ಹಿಡಿದ. ಮೊದಲ ಏಟು ಗಂಗಾಳ ಬೆರಳಿಗೆ ತಾಗಿತು. ಅವಳು ಕೈ ತೆಗೆಯಲಿಲ್ಲ. ಎರಡನೆಯದು ಸರಿಯಾಗಿ ಬಿತ್ತು. ಆಮೇಲೆ ಟಕ್, ಟಕ್ ಅಂತ, ಅವಸರವಿಲ್ಲದೆ, ಬುಶ್ಶಿನ ಅಂಚು ತೂತಿನ ಅಂಚಿಗೆ ಸಮ ಆಗುವವರೆಗೂ ಬಡಿದ. ಆ ಸದ್ದು ಬದಲಾದದ್ದು ಗಂಗಾಳಿಗಿಂತ ಮೊದಲು ಅವನಿಗೆ ಗೊತ್ತಾಯಿತು. ಸುತ್ತಿಗೆ ಕೆಳಗಿಟ್ಟ.

ಎಂಜಿನ್ನು ಮತ್ತೆ ಒಳಗೆ ಜಾರಿತು. ಕಡೆಯ ನಾಲ್ಕು ಬೋಲ್ಟನ್ನೂ ಜಮಾಲಸಾಬ ಗೆಳೆಯನ ಕೈಯಲ್ಲೇ ಬಿಗಿಸಿದ. ಒಂದೊಂದಕ್ಕೂ ಬಹಳ ಹೊತ್ತು ಹಿಡಿಯಿತು.

ಗೇರು ಬೆಣ್ಣೆಯೊಳಗೆ ಬೆರಳು ಇಳಿದಂತೆ ಬಿತ್ತು. ಜಮಾಲಸಾಬ ಜೀಪು ಹೊಡೆದ, ಪಕ್ಕದಲ್ಲಿ ಅಣ್ಣಾಸಾಬ, ಹಿಂದೆ ಗಂಗಾ ಮತ್ತು ರಹಿಮಾಬಿ. ಹೊಲದ ಕೆಳಗೆ ಹೊಳೆಯ ದಂಡೆಗೆ ಇಳಿದು ತಿರುಗಿ ಹತ್ತುವಾಗ ಕಬ್ಬಿಗೆ ಬಿಟ್ಟ ನೀರು ಹರಿದು ಎರೆಮಣ್ಣು ಕಲಸಿದ ಹಿಟ್ಟಾಗಿತ್ತು. ಹಿಂದಿನ ಗಾಲಿ ತಿರುಗಿ ಅಲ್ಲೇ ಹೂತವು. ಜಮಾಲಸಾಬ ಮುಂದಿನ ಗಾಲಿಗೂ ಎಳೆತ ಕೊಡುವ ಸಣ್ಣ ಲಿವರು ಎಳೆದ. ಮುಂದಿನ ಗಾಲಿ ಮಣ್ಣು ಕಚ್ಚಿದವು, ಗಾಣದ ಎಂಜಿನ್ನು ದನಿ ಏರಿಸದೆ ದಪ್ಪಗೆ ಗುಟುರು ಹಾಕುತ್ತ ನಾಲ್ವರನ್ನೂ ದಂಡೆಯ ಮೇಲೆ ತಂದು ನಿಲ್ಲಿಸಿತು.

"ಇನ್ನ ಗುಜರಿಯಾಂವಗ ಚಾ ಕುಡಿಸಬ್ಯಾಡ್ರಿ" ಅಂದಳು ರಹಿಮಾಬಿ.

ಜಮಾಲಸಾಬ ಗೆಳೆಯನ ಎಡಗೈ ಎತ್ತಿ, ಅದಕ್ಕೆ ಮೆತ್ತಿದ್ದ ಕರಿ ಎಣ್ಣೆಯನ್ನು ತನ್ನ ಬಿಳಿ ಅಂಗಿಯ ತುದಿಗೆ ಒರೆಸಿದ.

ಎಂಜಿನ್ನು ಜೀಪಿನಲ್ಲಿ ಕೂತಿತ್ತು. ಅಣ್ಣಾಸಾಬ ತನ್ನ ಮಾತು ನಡೆಸಿದ್ದ.