ಹನ್ನೊಂದನೇ ಕಂಬದ ಹೆಜ್ಜೆ

ಕಡಲ ದಂಡೆಯ ರಸ್ತೆ ಅಗಲವಾಗುತ್ತಿತ್ತು. ಕೆಲಸ ಎಲ್ಲಿಗೆ ಬಂತೆಂದು ಊರಿಗೆಲ್ಲ ಕುತೂಹಲವಾದರೆ, ಟೈಲರನ ಮನೆಯಲ್ಲಿ ಮಾತ್ರ ಅದೇ ದಿಗಿಲು. ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಹೆಂಡತಿ ಕೇಳುತ್ತಿದ್ದಳು, "ಎಲ್ಲಿಗೆ ಬಂತು?"

"ಒಂಬತ್ತನೇ ಕಂಬ. ಆಮೆ ನಡಿಗೆ ಕಣೇ, ಹೆದರಬೇಡ."

ಹನ್ನೊಂದನೇ ದೀಪದ ಕಂಬದ ಬುಡದಲ್ಲಿ, ಕಾಲುದಾರಿಯ ಹಳೇ ಸಿಮೆಂಟಿನಲ್ಲಿ, ಒಂದು ಪುಟ್ಟ ಬಲಗಾಲಿನ ಗುರುತಿತ್ತು. ಇಪ್ಪತ್ತು ವರ್ಷದ ಹಿಂದೆ ಸಿಮೆಂಟು ಹಸಿಯಿದ್ದಾಗ, ಅಪ್ಪನ ಕೈ ಬಿಡಿಸಿಕೊಂಡು ಓಡಿದ ಮಗಳು ಊರಿದ ಹೆಜ್ಜೆ. ಗಾರೆಯವನಿಂದ ಬೈಸಿಕೊಂಡವನು ಇವನು, ಕಿಲಕಿಲ ನಕ್ಕವಳು ಅವಳು. ಮರುವರ್ಷವೇ ಜ್ವರ ಬಂದು ಹೋಗಿಬಿಟ್ಟಳು. ಅವಳ ಫ್ರಾಕುಗಳು ಪಿಂಜಿಹೋದವು, ಇದ್ದೊಂದು ಫೋಟೋ ಮಸುಕಾಯಿತು. ಹೆಜ್ಜೆ ಮಾತ್ರ ಹಾಗೇ ಇತ್ತು.

ಟೈಲರ್ ಹೋಗಿ ಮೇಸ್ತ್ರಿಯನ್ನು ಕಂಡ. ಮೇಸ್ತ್ರಿ ಒಳ್ಳೆಯವನೇ, ಸುಳ್ಳೇಕೆ ಹೇಳಲಿ. "ಆ ತುಂಡನ್ನ ಸುತ್ತಲೂ ಕೊಯ್ದು ಕೊಡ್ತೀವಿ ಯಜಮಾನ್ರೇ, ಮನೇಲಿ ಇಟ್ಕೊಳ್ಳಿ. ನಾಳೆ ನಾನು ಬರೋದು ತಡ. ನಮ್ಮ ಕೆಲಸದವರಿಗೆ ಗೊತ್ತಾಗೋ ಹಾಗೆ ಒಂದು ಗುರುತು ಹಾಕಿಡಿ" ಎಂದ.

ಗುರುತು ಹಾಕುವುದನ್ನು ಟೈಲರನಿಗೆ ಯಾರಾದರೂ ಹೇಳಿಕೊಡಬೇಕೆ? ನಲವತ್ತು ವರ್ಷದಿಂದ ಅವನ ಅಂಗಡಿಯಲ್ಲಿ ಒಂದೇ ಕಾನೂನು: ಗೆರೆ ಎಳೆದಲ್ಲಿ ಕತ್ತರಿ ಆಡಿಸು, ಇಂಟು ಮಾರ್ಕು ಹಾಕಿದ್ದನ್ನು ಮುಟ್ಟಬೇಡ. ನೀಲಿ ಚಾಕ್ ತಂದು, ಮೊಣಕಾಲೂರಿ, ಹೆಜ್ಜೆಯ ಮೇಲೆ ತಿದ್ದಿ ತಿದ್ದಿ ದಪ್ಪನೆಯ ಇಂಟು ಎಳೆದ. ಮನೆಗೆ ಬಂದು "ಇನ್ನು ಚಿಂತೆಯಿಲ್ಲ ಬಿಡು" ಎಂದ. ಹೆಂಡತಿ ಕಿಟಕಿಯ ಕೆಳಗೆ ಆ ತುಂಡಿಗೆಂದು ಜಾಗ ಗುಡಿಸಿದಳು.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕಂಬದ ಬುಡದಲ್ಲಿ ಬರೀ ಚೂರಿನ ಗುಡ್ಡೆ.

"ಇಲ್ಲೊಂದು ಗುರುತಿತ್ತಲ್ಲಪ್ಪಾ?"

ಒಡೆಯುವ ಯಂತ್ರದವನು ಕಿವಿಯ ಹತ್ತಿ ತೆಗೆದ. "ಇತ್ತಲ್ಲ ಅಣ್ಣ, ಇಂಟು. ಇಂಟು ಇದ್ರೆ ಮೊದಲು ಅದನ್ನೇ ಒಡೀಬೇಕು. ಬಿಡೋದಕ್ಕೆ ಸುತ್ತ ಸೊನ್ನೆ ಹಾಕ್ತಾರೆ."

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇವೆ. ಪಾಪ, ಇವನು ಹಾಕಿದ್ದು ಮಗಳ ಕಾಲ ಮೇಲೆ. ಕೂತು ಮಧ್ಯಾಹ್ನದವರೆಗೂ ಗುಡ್ಡೆ ಕೆದಕಿದ. ನೀಲಿ ಹತ್ತಿದ ಚೂರುಗಳು ಬೇಕಾದಷ್ಟು ಸಿಕ್ಕವು. ಬೆರಳಿನ ಗುರುತಿದ್ದುದು ಒಂದೂ ಸಿಗಲಿಲ್ಲ. ಅವನು ಅತ್ತ.

ಸಂಜೆ ಬಾಗಿಲಲ್ಲೇ ಹೆಂಡತಿ ಕೇಳಿದಳು, "ಎಲ್ಲಿಗೆ ಬಂತು?"

"ದಾಟಿ ಹೋಯ್ತು."

ಅವಳು ಅವನ ಖಾಲಿ ಕೈ ನೋಡಿದಳು. "ಗುರುತು ಹಾಕಿರ್ಲಿಲ್ವಾ?"

"ಹಾಕಿದ್ದೆ ಕಣೇ" ಎಂದ ಟೈಲರ್. "ನಾನೇ ಹಾಕಿದ್ದೆ."