ಆರಾಮನ ಪರವಾಗಿ ಒಂದು ಮಾತು

ಕಾಲರಿನ ಮೇಲೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆಯನ್ನು ಅವಳು ಎಷ್ಟು ಬಲವಾಗಿ ಒತ್ತಿದಳೆಂದರೆ ಮೇಜಿನ ಕಾಲು ಕಿರ್ರೆಂದಿತು. ಬಿಳಿ ಅಂಗಿ, ಗಂಡನದು. ಶವಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ತೊಡಿಸಬೇಕಾದದ್ದು. ಒಳಕೋಣೆಯಲ್ಲಿ ಅವನು ಬನಿಯನ್ನಿನಲ್ಲಿ ಕಾಯುತ್ತಿದ್ದ. ಬದುಕಿದ್ದಾಗಲೂ ಬೆಳಗಿನ ಹೊತ್ತು ಹೀಗೇ ಕಾಯುತ್ತಿದ್ದ, ಅಂಗಿ ತಾನಾಗಿ ಬಂದು ಮೈಮೇಲೆ ಕೂರುತ್ತದೆ ಎನ್ನುವ ಭರವಸೆಯಿಂದ. ಅದು ಬಂದು ಕೂರುತ್ತಲೂ ಇತ್ತು.

ಬೀದಿಯವರು ಅವಳನ್ನು ಇಸ್ತ್ರಿಯಮ್ಮ ಎನ್ನುತ್ತಿದ್ದರು. ಮುಂದಿನ ಕೋಣೆ ಲಾಂಡ್ರಿ ಅಂಗಡಿ, ಹಿಂದಿನದು ಮನೆ. ಗಂಡನ ಹೆಸರು ಬೀದಿಗೆ ಎಂದೋ ಮರೆತುಹೋಗಿತ್ತು. ಹೇಗಿದ್ದೀರಿ ಎಂದು ಯಾರೇ ಕೇಳಲಿ, ಅಂಗಡಿಯ ಮುಂದಿನ ಕುರ್ಚಿಯಿಂದ ಒಂದೇ ಉತ್ತರ ಬರುತ್ತಿತ್ತು: ಆರಾಮ. ಹಾಗಾಗಿ ಅವನಿಗೂ ಅದೇ ಹೆಸರಾಯಿತು. ಒಳಗೆ ಹಬೆಯಲ್ಲಿ ಅವಳು ಬೆಂದುಹೋಗುತ್ತಿದ್ದರೆ ಹೊರಗೆ ಆರಾಮ ಕಾಲುಮೇಲೆ ಕಾಲು ಹಾಕಿಕೊಂಡು ಬೀದಿ ನೋಡುತ್ತಿದ್ದ. ಕುಡಿಯುವವನಲ್ಲ, ಹೊಡೆಯುವವನಲ್ಲ, ಕೆಟ್ಟ ಮಾತು ಆಡುವವನೂ ಅಲ್ಲ. ಬೈಯಲು ಒಂದು ನೆಟ್ಟಗಿನ ಕಾರಣವನ್ನೂ ಕೊಡದಷ್ಟು ಸೋಮಾರಿ. ಮಕ್ಕಳಾಗಲಿಲ್ಲ, ಅದಕ್ಕೂ ಅವನು ಬೇಸರಪಟ್ಟುಕೊಂಡಿದ್ದನ್ನು ಅವಳು ಕಾಣಲಿಲ್ಲ.

ಅವರದು ಚಿಕ್ಕ ಕ್ರೈಸ್ತ ಸಭೆ, ಕಟ್ಟುನಿಟ್ಟಿನದು. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ನಂಬಿಕೆಯಿಂದ, ಮಾಡಿದ ಕೆಲಸದಿಂದಲ್ಲ ಎನ್ನುವುದನ್ನು ಅವರು ಸಾವಿನ ಮನೆಯಲ್ಲೂ ಬಿಟ್ಟುಕೊಡುತ್ತಿರಲಿಲ್ಲ. ಸತ್ತವರ ಗುಣಗಾನಕ್ಕೆ ಅಲ್ಲಿ ಅವಕಾಶವಿಲ್ಲ. ಪೆಟ್ಟಿಗೆ ಮುಚ್ಚುವ ಮೊದಲು ಸಭಾಪಾಲಕರು ತೀರಾ ಹತ್ತಿರದವರೊಬ್ಬರನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾರೆ: ಇವರು ನಂಬಿದವರೇ? ಹೌದು ಎಂದರೆ ಸಭೆಯ ಸಮಾಧಿ ಅಂಗಳ. ಇಲ್ಲವೆಂದರೆ ಊರಾಚೆಯ ಸಾರ್ವಜನಿಕ ಸ್ಮಶಾನ. ಇಲ್ಲ ಎಂದವರನ್ನು ಈ ತನಕ ಯಾರೂ ಕಂಡಿರಲಿಲ್ಲ.

ಇವತ್ತು ಕಾಣುತ್ತಾರೆ ಎಂದುಕೊಂಡಳು ಇಸ್ತ್ರಿಯಮ್ಮ. ಇಲ್ಲ ಎನ್ನುವುದೂ ಬೇಡ, ಗೊತ್ತಿಲ್ಲ ಎಂದರೆ ಸಾಕು. ಜೀವಮಾನವಿಡೀ ಕಡ್ಡಿ ಎತ್ತಿ ಆ ಕಡೆ ಇಡದವನು ನೀತಿವಂತನೆನ್ನಿಸಿಕೊಂಡು ಹೋಗಿಬಿಟ್ಟರೆ, ತನ್ನ ಸುಟ್ಟ ಕೈಗಳಿಗೆ ಅರ್ಥವಾದರೂ ಏನು? ಅವಳು ಅಂಗಿಯನ್ನು ತಿರುವಿ ಬೆನ್ನಿನ ಭಾಗಕ್ಕೂ ಇಸ್ತ್ರಿ ಹಾಕಿದಳು. ಬೆನ್ನು ಯಾರಿಗೂ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಹಾಕಿದಳು.

*

ಬಂದವರು ಅಂಗಡಿಯಲ್ಲೇ ಬಟ್ಟೆಗಂಟುಗಳ ನಡುವೆ ಕೂತಿದ್ದರು. ಗಂಡನ ತಂಗಿ ಬಂದಾಗಿನಿಂದ ಕಣ್ಣೀರಿನ ಕೋಡಿ ಹರಿಸುತ್ತಿದ್ದಳು. ಅಣ್ಣ ಎಂಥ ಪರೋಪಕಾರಿ, ಎಷ್ಟು ಜನಕ್ಕೆ ಆಸರೆಯಾಗಿದ್ದ ಎಂದು ಅವಳ ರಾಗ. ಎದುರಂಗಡಿಯ ಟೈಲರ್ ಒಳ್ಳೆಯ ಮನುಷ್ಯ, ಅದಕ್ಕೆ ದನಿಗೂಡಿಸಲು ಹೊರಟು, ಒಂದು ಉದಾಹರಣೆಗಾಗಿ ಬಾಯಿ ತೆರೆದು, ಹಾಗೇ ಮುಚ್ಚಿದ. ಉಳಿದವರೂ ತಲೆ ಕೆರೆದುಕೊಂಡರು. ಒಂದು ಇಡೀ ಆಯುಷ್ಯದಲ್ಲಿ ಒಂದೇ ಒಂದು ಸತ್ಕಾರ್ಯವನ್ನು ಇಷ್ಟು ಜನ ಸೇರಿ ಹುಡುಕುವ ಪಾಡು ನೋಡಿ ಇಸ್ತ್ರಿಯಮ್ಮನಿಗೆ ಒಳಗೊಳಗೇ ನಗು. ದಾರಿ ಕೇಳಿದವರಿಗೆ ಬೇಸರಿಸದೆ ಹೇಳುತ್ತಿದ್ದ ಎಂದು ಯಾರೋ ನೆನೆದರು. ಹೇಳುತ್ತಿದ್ದ, ಕುರ್ಚಿಯಿಂದ ಏಳದೆ, ಗಲ್ಲ ಎತ್ತಿ ತೋರಿಸಿ.

ಆಗ ನಾದಿನಿ ಗೆದ್ದವಳ ಹಾಗೆ ಮೂಗು ಒರೆಸಿಕೊಂಡಳು. “ಆರಾಧನೆ ಮೇಜಿನ ಬಟ್ಟೆ! ಪ್ರತಿ ಶನಿವಾರ ತಾನೇ ಹೊತ್ಕೊಂಡು ಹೋಗಿ ಕೊಡ್ತಿದ್ನಲ್ಲ. ಎಷ್ಟು ಬೆಳ್ಳಗೆ ಇರ್ತಿತ್ತು. ಇಡೀ ಸಭೆಗೇ ಅಣ್ಣ ಅಂದ್ರೆ ಆ ಬಟ್ಟೆ.”

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಹೌದು, ಬಟ್ಟೆ, ಬಟ್ಟೆ ಎಂದರು. ಟೈಲರ್ ಮಾತ್ರ ಕಣ್ಣಿನ ಕೊನೆಯಲ್ಲಿ ಇಸ್ತ್ರಿಯಮ್ಮನನ್ನು ನೋಡಿ ನೆಲ ನೋಡತೊಡಗಿದ. ಅವಳು ಇಸ್ತ್ರಿಯಾದ ಅಂಗಿಯನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು.

ಅಷ್ಟರಲ್ಲಿ ಸಭಾಪಾಲಕರು ಬಂದರು. ತೆಳ್ಳನೆಯ ವಯಸ್ಸಾದ ಮನುಷ್ಯ. ಅವರ ಕೋಟು ಕೂಡ ಇದೇ ಅಂಗಡಿಯಲ್ಲಿ ಒಗೆಸಿದ್ದು. ನಾದಿನಿ ಬಟ್ಟೆಯ ಕತೆಯನ್ನು ಅವರ ಮುಂದಿಟ್ಟಳು. ಅದೆಲ್ಲ ಬೇಕಿಲ್ಲ ತಾಯಿ ಎಂದು ಅವರು ಮೆತ್ತಗೆ ಹೇಳಿ ಒಳಗೆ ಬಂದರು. ಇಸ್ತ್ರಿಯಮ್ಮ ಸತ್ತವನ ತೋಳನ್ನು ಅಂಗಿಯೊಳಗೆ ತೂರಿಸುತ್ತಿದ್ದಳು.

“ಪ್ರಶ್ನೆ ನಿಮ್ಮನ್ನೇ ಕೇಳಬೇಕು,” ಎಂದರು.

“ನನ್ನನ್ನೇ ಯಾಕೆ? ಅಲ್ಲಿ ಅವರ ತಂಗಿ ಇದ್ದಾಳೆ, ಕೇಳಿದ್ದಕ್ಕೂ ಕೇಳದ್ದಕ್ಕೂ ಹೌದು ಅಂತಾಳೆ.”

“ಅದಕ್ಕೇ ಅವರನ್ನ ಕೇಳಲ್ಲ. ಒಂದೇ ಸೂರಿನಡಿ ಇದ್ದವರಿಗೆ ಮೋಸ ಮಾಡೋಕಾಗಲ್ಲ.”

“ನಾನು ಗೊತ್ತಿಲ್ಲ ಅಂದ್ರೆ?”

ಸಭಾಪಾಲಕರು ಆರಾಮನ ಮುಖ ನೋಡಿದರು. “ಗಾಡಿಯವರಿಗೆ ಊರಾಚೆ ಹೋಗೋಕೆ ಹೇಳ್ತೀನಿ,” ಎಂದರು. ಅಂಜಿಸುವ ದನಿಯಲ್ಲ. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

*

ಮೇಜಿನ ಬಟ್ಟೆಯ ಮೇಲೆ ಒಂದು ಸಲ ದ್ರಾಕ್ಷಾರಸ ಚೆಲ್ಲಿತ್ತು. ಅಂಗೈಯಗಲದ ಕಲೆ. ಅವಳು ಬೇರೆ ಗಿರಾಕಿಗಳ ಕೆಲಸ ಬದಿಗಿಟ್ಟು ಉಪ್ಪು ಉಜ್ಜಿ, ನಿಂಬೆಹುಳಿ ಹಿಂಡಿ, ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ, ಬೆರಳ ಸಂದಿ ಬಿರಿಯುವ ತನಕ ತಿಕ್ಕಿದ್ದಳು. ಕಲೆ ಹೋಯಿತು. ಆರಾಮ ಗಂಟನ್ನು ಬಿಚ್ಚಿ ಕೂಡ ನೋಡದೆ ಬಗಲಿಗೇರಿಸಿಕೊಂಡ.

ಅವಳು ಬೇಗ ಬೇಗ ಬೀಗ ಹಾಕಿ ಹಿಂದೆಯೇ ಹೋದಳು. ಸಭೆಯ ಕೋಣೆಯಲ್ಲಿ ಕಡೆಯ ಬೆಂಚಿನ ಹತ್ತಿರ ಒದ್ದೆ ತೋಳುಗಳಲ್ಲಿ ನಿಂತು ನೋಡಿದಳು. ಮುಂದೆ ಹಿರಿಯರೆಲ್ಲ ಬಟ್ಟೆ ಹರವಿ, ಹಿಡಿದು, ಬೆಳಕಿಗೆ ಒಡ್ಡಿ, ಇಷ್ಟು ಬೆಳ್ಳಗಾಗಿದೆಯಲ್ಲ ಎಂದು ಆರಾಮನ ಬೆನ್ನು ತಟ್ಟುತ್ತಿದ್ದರು. ಅವನು ತಟ್ಟಿಸಿಕೊಂಡು ನಗುತ್ತಿದ್ದ.

ಮನೆಗೆ ಬಂದ ಮೇಲೆ ರಣರಂಗ. “ಹೆಂಡತಿ ಮಾಡಿದ್ದು ಅನ್ನೋಕೆ ಬಾಯಿ ಬಿದ್ದುಹೋಗಿತ್ತಾ ನಿಮಗೆ?”

“ಯಾರು ಮಾಡಿದ್ದು ಅಂತ ಯಾರೂ ಕೇಳ್ಲಿಲ್ಲ. ಬೆಳ್ಳಗಿದೆ ಅಂದ್ರು. ಬೆಳ್ಳಗಿತ್ತಲ್ಲ.”

“ಗಂಟು ಬಿಚ್ಚಾದ್ರೂ ನೋಡಿದ್ರಾ? ಕಲೆ ಉಳಿದಿದ್ರೆ?”

ಆಗ ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. “ನೀನು ಮಾಡಿದ್ದಲ್ವಾ? ನೋಡೋದೇನಿದೆ?” ಎಂದು ಹೇಳಿ ಊಟಕ್ಕೆ ಕೂತ. ಸಾರಿಗೆ ಉಪ್ಪು ಹಾಕಿದೆಯೇ ಎಂದೂ ಅವನು ಯಾವತ್ತೂ ರುಚಿ ನೋಡಿ ಉಣ್ಣುತ್ತಿರಲಿಲ್ಲ. ಇಂಥವನ ಜತೆ ಜಗಳವಾಡುವುದು ಹತ್ತಿಯ ಮೂಟೆಗೆ ಗುದ್ದಿದ ಹಾಗೆ.

*

ಆಸ್ಪತ್ರೆಯಲ್ಲಿ, ಅವನ ಕೊನೆಯ ದಿನಗಳ ಒಂದು ಮಧ್ಯಾಹ್ನ. ಪಕ್ಕದ ಹಾಸಿಗೆಯವನು ಸಾವಿಗೆ ಹೆದರಿ ನರ್ಸಿನ ಕೈ ಬಿಡುತ್ತಿರಲಿಲ್ಲ. ಆರಾಮ ದಿಂಬಿಗೆ ಒರಗಿ, ಅಂಗಡಿ ಮುಂದಿನ ಕುರ್ಚಿಯಲ್ಲಿದ್ದಂತೆಯೇ, ಕಿಟಕಿ ನೋಡುತ್ತಿದ್ದ. ಡಾಕ್ಟರು ಬೆಳಿಗ್ಗೆ ಎಲ್ಲ ಹೇಳಿಯಾಗಿತ್ತು. ಅವಳಿಗೆ ತಡೆಯಲಾಗಲಿಲ್ಲ.

“ಭಯ ಆಗಲ್ವಾ ನಿಮಗೆ?”

“ಯಾಕೆ?”

“ಅಲ್ಲಿ ಹೋಗಿ ಏನು ತೋರಿಸ್ತೀರಿ? ಇದು ನಾನು ಮಾಡಿದ್ದು ಅಂತ ಕೈಲಿ ಹಿಡಿಯೋಕೆ ಏನಿದೆ?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. ಯೋಚಿಸುವುದು ಅವನಿಗೆ ಅಭ್ಯಾಸವಿರಲಿಲ್ಲ, ಹೊತ್ತು ಹಿಡಿಯಿತು. “ಏನೂ ಇಲ್ಲ,” ಎಂದ. “ನಿನ್ನ ಮನೆಗೂ ಹಾಗೇ ಬಂದೆ. ಕೆಲಸ ಇರ್ಲಿಲ್ಲ, ಒಂದು ಟ್ರಂಕ್ ಕೂಡ ಇರ್ಲಿಲ್ಲ. ನೀನು ಒಳಗೆ ಬನ್ನಿ ಅಂದೆ.”

ಅದು ಅವಳು ಜೀವನದಲ್ಲಿ ಮಾಡಿದ ದೊಡ್ಡ ಮೂರ್ಖತನ ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ದಿಂಬು ಸ್ವಲ್ಪ ಮೇಲೆ ಮಾಡು ಎಂದು ಅವನು ಕೇಳಿದ. ಮಾಡಿದಳು.

*

ಸಭೆಯ ಕೋಣೆ ತುಂಬಿತ್ತು. ಪೆಟ್ಟಿಗೆಯನ್ನು ಮುಂದೆ ಎರಡು ಬೆಂಚುಗಳ ಮೇಲೆ ಇಟ್ಟಿದ್ದರು. ಸಭಾಪಾಲಕರ ಮಾತು ಚಿಕ್ಕದಾಗಿತ್ತು. ನಮ್ಮ ಕ್ರಿಯೆಗಳು ಆ ನ್ಯಾಯಾಸನದ ಮುಂದೆ ನಿಲ್ಲುವುದಿಲ್ಲ, ಬರಿಗೈಯವನನ್ನು ದೇವರು ನೀತಿವಂತನೆಂದು ಎಣಿಸುತ್ತಾನೆ ಎಂದರು. ಜನ ತಲೆಯಾಡಿಸಿದರು. ತಲೆಯಾಡಿಸುವುದು ಸುಲಭ, ಇವರಲ್ಲಿ ಯಾರೂ ಆರಾಮನ ಬಟ್ಟೆ ಒಗೆದವರಲ್ಲ ಎಂದುಕೊಂಡಳು ಇಸ್ತ್ರಿಯಮ್ಮ. ಬರಿಗೈಯವನಂತೆ. ಬರಿಗೈಯವನ ಹೊಟ್ಟೆ ತುಂಬಿಸಿದ ಕೈ ಯಾವುದು ಎಂದು ದೇವರು ಒಂದು ಮಾತು ವಿಚಾರಿಸಬಾರದೆ?

ಅವಳನ್ನು ಕರೆದರು. ಹೋಗಿ ಪೆಟ್ಟಿಗೆಯ ಪಕ್ಕ ನಿಂತಳು.

“ಇವರು ನಂಬಿದವರೇ?”

ಗೊತ್ತಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬೆಳಗಿನಿಂದ ಅದನ್ನು ಕಾಪಾಡಿಕೊಂಡು ಬಂದಿದ್ದಳು. ಆದರೆ ಹೋಗದ ಕಲೆಯನ್ನು ಹೋಗಿದೆ ಎಂದು, ಹೋದ ಕಲೆಯನ್ನು ಹೋಗಿಲ್ಲ ಎಂದು ಅವಳು ಯಾವ ಗಿರಾಕಿಗೂ ಹೇಳಿದವಳಲ್ಲ. ಗೊತ್ತಿತ್ತು. ಅವನ ಬಗ್ಗೆ ಗೊತ್ತಿದ್ದದ್ದೇ ಅದೊಂದು. ಆ ಮನುಷ್ಯ ನಾಚಿಕೆಯಿಲ್ಲದೆ, ಒಂದು ದಿನವೂ ತಪ್ಪದೆ ನಂಬಿದ್ದ. ಇಲ್ಲವೆಂದರೆ ಅದು ಶುದ್ಧ ಸುಳ್ಳು. ಸುಳ್ಳು ಹೇಳುವುದಕ್ಕೂ ಅವನು ತನ್ನನ್ನು ಬಿಡುವುದಿಲ್ಲವಲ್ಲ ಎಂದು ಅವಳಿಗೆ ಮೈ ಪರಚಿಕೊಳ್ಳುವಂತಾಯಿತು.

“ನಂಬಿದ್ರು,” ಎಂದಳು. ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. “ಬೇರೇನೂ ಮಾಡಿದ್ದು ನಾನು ನೋಡಿಲ್ಲ.”

ಹಿಂದೆ ಯಾರೋ ನಗು ನುಂಗಿ ಕೆಮ್ಮಿದರು. ನಾದಿನಿ ಹಾ ಎಂದು ಉಸಿರೆಳೆದುಕೊಂಡಳು.

“ಅಷ್ಟು ಸಾಕು,” ಎಂದರು ಸಭಾಪಾಲಕರು.

ಅಷ್ಟು ಸಾಕಂತೆ. ಟೈಲರ್ ಮತ್ತು ಇನ್ನೊಬ್ಬರು ಮುಚ್ಚಳ ಎತ್ತಿ ತಂದರು. ಇಸ್ತ್ರಿಯಮ್ಮ ಹಿಂದೆ ಸರಿಯಬೇಕಿತ್ತು. ಸರಿಯುವ ಮೊದಲು ಸುಮ್ಮನೆ ಒಮ್ಮೆ ಬೆಂಚುಗಳ ಕಡೆ ನೋಡಿದಳು. ಇದೇ ಜಾಗದಲ್ಲಿ ತಾನು ಮಲಗುವ ದಿನ ಇಲ್ಲಿ ಬಂದು ನಿಲ್ಲುವವರು ಯಾರು? ನಾದಿನಿ ನಿಂತಾಳು, ಬಟ್ಟೆಯ ಕತೆ ಹೇಳಿಯಾಳು. ಟೈಲರ್ ಪಾಪ, ಅವಳು ದುಡಿದದ್ದನ್ನೆಲ್ಲ ಕಣ್ಣಾರೆ ಕಂಡವನು, ಹೇಳಿಯಾನು. ಅದೆಲ್ಲ ಬೇಕಿಲ್ಲ ಎಂದು ಸಭಾಪಾಲಕರು ಮೆತ್ತಗೆ ಅವರ ಬಾಯಿ ಮುಚ್ಚಿಸುತ್ತಾರೆ. ನಂಬಿದವರೇ ಎಂದು ಕೇಳುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅವಳು ಯಾರನ್ನೂ ಯಾವುದನ್ನೂ ನಂಬಿದ್ದನ್ನು ಈ ಕೋಣೆಯಲ್ಲಿ ಯಾರು ಕಂಡಿದ್ದಾರೆ? ಹಾಕಿದ ಬೀಗವನ್ನೇ ಎರಡು ಸಲ ಜಗ್ಗಿ ನೋಡುವವಳು. ತಾನು ನಂಬಿದವಳೇ ಎಂದು ಅವಳಿಗೇ ಗೊತ್ತಿರಲಿಲ್ಲ.

ಹೌದು ಎನ್ನುವವನು ಒಬ್ಬನೇ ಇದ್ದ. ಯೋಚನೆ ಮಾಡದೆ, ಗಂಟು ಬಿಚ್ಚಿ ನೋಡದೆ ಹೇಳಿಬಿಡುತ್ತಿದ್ದ. ಅಥವಾ ಹೇಳುತ್ತಿದ್ದನೇ? ಅವಳಿಗೆ ಮೊದಲ ಸಲ ನಿಜವಾಗಿ ಭಯವಾಯಿತು.

“ತಾಳಿ,” ಎಂದು ಮುಚ್ಚಳದ ಅಂಚನ್ನು ಹಿಡಿದಳು. ಕಾಲರ್ ಸರಿಮಾಡುವವಳ ಹಾಗೆ ಪೆಟ್ಟಿಗೆಯ ಮೇಲೆ ಬಾಗಿದಳು.

“ರೀ,” ಎಂದಳು, ಅವನಿಗೊಬ್ಬನಿಗೇ ಕೇಳುವಂತೆ. “ನನ್ನ ಬಗ್ಗೆ ಕೇಳಿದ್ರೆ ಏನ್ ಹೇಳ್ತಿದ್ರಿ?”

ಅವನು ಎಂದಿನ ಹಾಗೆ ಯಾವ ಅವಸರವೂ ಇಲ್ಲದೆ ಮಲಗಿದ್ದ. ಮುಚ್ಚೋಣ್ವಾ ಅಮ್ಮ ಎಂದು ಸಭಾಪಾಲಕರು ಕೇಳಿದರು. ಮತ್ತೊಮ್ಮೆ ಕೇಳಿದರು. ಮುಚ್ಚಳದ ಭಾರಕ್ಕೆ ಟೈಲರ್ ಹಿಡಿತ ಬದಲಿಸಿಕೊಂಡ. ಇಸ್ತ್ರಿಯಮ್ಮ ಗಂಡನ ಬಾಯಿಯ ಹತ್ತಿರ ಕಿವಿ ಇಟ್ಟುಕೊಂಡು, ಒಂದು ಕೈಯಲ್ಲಿ ಮುಚ್ಚಳವನ್ನು ಮೇಲಕ್ಕೆ ತಡೆದು ಹಿಡಿದೇ ಇದ್ದಳು.