ಹಿಂದಿನ ಕೋಣೆಯ ಡಬ್ಬ

ಕಿಣ್ ಎಂದು ಒಂದೇ ಒಂದು ಸಲ, ಆಮೇಲೆ ಅದು ಉರುಳುತ್ತ ಹೋಗುವ ಸಣ್ಣ ಸದ್ದು, ಸಿಮೆಂಟು ನೆಲದ ಮೇಲೆ ದೊಡ್ಡ ಸುತ್ತು, ಚಿಕ್ಕ ಸುತ್ತು, ಇನ್ನೂ ಚಿಕ್ಕದು, ಮಲಗಿತು — ಅವಳು ಉಸಿರು ಹಿಡಿದು ಮೇಲಕ್ಕೆ ನೋಡಿದಳು, ಕತ್ತಲಲ್ಲಿ ಚಾವಣಿ ಕಾಣುವುದಿಲ್ಲ, ಆದರೆ ಚಾವಣಿಯ ಆಚೆ ಮಂಚ, ಮಂಚದ ಮೇಲೆ ಗಂಡ, ಗೊರಕೆ ನಿಂತಿತೇ, ಇಲ್ಲ, ಒಂದು ಗುಟುಕು ನುಂಗಿ ಮತ್ತೆ ಶುರುವಾಯಿತು, ಸದ್ಯ. ಸದ್ದಾಗದಿರಲಿ ಎಂದೇ ಬಕೆಟ್ಟಿನ ತಳಕ್ಕೆ ಟವೆಲ್ಲು ಹಾಸಿದ್ದು, ಮೊದಲ ರಾತ್ರಿ ಹಾಸಿರಲಿಲ್ಲ, ಸುರಿದಾಗ ಇಡೀ ಶೆಡ್ಡು ಜಲ್ಲೆಂದಿತ್ತು, ಕಳ್ಳತನಕ್ಕೂ ಕಲಿಕೆ ಬೇಕು, ಇದು ಹತ್ತನೇ ರಾತ್ರಿ, ಕೈ ಪಳಗಿದೆ, ಆದರೂ ಒಂದು ತಪ್ಪಿಸಿಕೊಂಡಿತು. ನಡುವೆ ತೂತಿರುವ ಉಕ್ಕಿನ ಬಿಲ್ಲೆ, ವಾಷರ್, ಬೆಳಗಿನಿಂದ ಸಂಜೆಯವರೆಗೆ ಮೇಸ್ತ್ರಿ ಒಂದೊಂದಾಗಿ ಎತ್ತಿ ಅಳತೆ ನೋಡಿ ಆರು ಡಬ್ಬಕ್ಕೆ ವಿಂಗಡಿಸಿಟ್ಟದ್ದನ್ನು ಅವಳು ರಾತ್ರಿ ಇಳಿದು ಬಂದು ಒಂದೇ ಬಕೆಟ್ಟಿಗೆ ಸುರಿಯುತ್ತಾಳೆ, ತೋಳು ಮೇಲೇರಿಸಿ ಚೆನ್ನಾಗಿ ಕಲೆಸುತ್ತಾಳೆ, ಹಿಂದಿನ ಕೋಣೆಯ ಹಳೇ ಡಬ್ಬಕ್ಕೆ ತುಂಬಿ ಮೇಲೆ ಒಂದು ಹಿಡಿ ಧೂಳು ಉದುರಿಸುತ್ತಾಳೆ, ಬೆಳಿಗ್ಗೆ ಆ ಡಬ್ಬವನ್ನೇ ಮೇಸ್ತ್ರಿಯ ಮುಂದಿಡುತ್ತಾಳೆ, ನಿನ್ನೆಯದನ್ನ ಅಂಗಡಿಯವನು ಬೇಗ ಬಂದು ಒಯ್ದ ಮೇಸ್ತ್ರಿ, ಇವತ್ತು ಇದು, ಅನ್ನುತ್ತಾಳೆ, ಅವರು ಹೂಂ ಅಮ್ಮ ಅನ್ನುತ್ತಾರೆ, ಅಷ್ಟೇ. ಕಾಲೇಜಿನಲ್ಲಿ ಓದಿದ್ದು ಇದಕ್ಕಾ.

ಶುರುವಾದಾಗ ಸುಳ್ಳಾಗಿರಲಿಲ್ಲ, ಅದನ್ನು ಅವಳು ಯಾರ ಮುಂದೆ ಬೇಕಾದರೂ ಹೇಳಬಲ್ಲಳು, ಹಿಂದಿನ ಕೋಣೆಯಲ್ಲಿ ಮಾವನವರ ಕಾಲದಿಂದ ಗುಡಿಸಿ ಗುಡ್ಡೆ ಹಾಕಿದ ವಾಷರುಗಳಿದ್ದವು, ಮೂರು ಪೀಪಾಯಿ, ವಿಂಗಡಿಸಿದರೆ ಅಂಗಡಿಯವನು ಕೊಳ್ಳುತ್ತೇನೆ ಅಂದಿದ್ದ, ಏಳು ಜನ ಬಾಗಿಲ ಚಿಲಕ ಮಾಡುವ ಶೆಡ್ಡು ಇದು, ಕೈಗೆ ಪೆಟ್ಟಾದ ಮೇಸ್ತ್ರಿಗೆ ಇಲ್ಲಿ ಹಗುರ ಕೆಲಸ ಅಂತ ಎಲ್ಲಿಂದ ತರೋದು, ದೊಡ್ಡ ಕಂಪನಿಯಾದ್ರೆ ಗೇಟಲ್ಲಿ ಕೂರಿಸ್ತಾರೆ, ನಮಗೆ ಗೇಟೇ ಇಲ್ಲ ಅಂದಿದ್ದ ಗಂಡ, ನಗುತ್ತ ಅಲ್ಲ. ಆಗ ಹೊಳೆದದ್ದು ಆ ಪೀಪಾಯಿಗಳು, ಮೂರು ತಿಂಗಳಾದರೂ ಹಿಡಿಯುತ್ತದೆ ಎಂದು ಅಂದಾಜು ಮಾಡಿದವಳು ಅವಳೇ, ಮೇಸ್ತ್ರಿ ಹನ್ನೆರಡು ದಿನಕ್ಕೆ ಮುಗಿಸಿಬಿಟ್ಟರು, ಒಂದೂವರೆ ಕೈಯಲ್ಲಿ, ಪುಣ್ಯಾತ್ಮ ಸ್ವಲ್ಪ ನಿಧಾನ ಮಾಡಬಾರದಿತ್ತಾ. ಸಂಜೆ ಎದ್ದು ನಿಂತು, ಆಯ್ತು ಅಮ್ಮ, ನಾಳೆ ಏನು, ಅಂದರು, ಗಂಡ ಚಿಲಕದ ಪೆಟ್ಟಿಗೆ ಕಟ್ಟುತ್ತಿದ್ದವನು ತಲೆಯೆತ್ತಿದ, ಅವನು ಹೇಳಿದ್ದೇ ಅಷ್ಟಲ್ಲವೇ, ಆ ಹಳೇ ಕಸ ಮುಗಿಯೋವರೆಗೆ ಇರ್ಲಿ, ಮುಗಿದ ದಿನ ಕೈ ಮುಗಿದು ಕಳಿಸಿಬಿಡೋಣ — ಅವಳ ಬಾಯಿ ಅವಳನ್ನು ಕೇಳಲಿಲ್ಲ, ಇನ್ನೂ ಇದೆ, ಹಿಂದಿನ ಕೋಣೇಲಿ ಇನ್ನೊಂದು ಡಬ್ಬ ಇದೆ, ಅಂದುಬಿಟ್ಟಿತು. ಇರಲಿಲ್ಲ. ಅಂದು ವಿಂಗಡಿಸಿದ ಆರು ಡಬ್ಬ ಮಾತ್ರ ಬೆಂಚಿನ ಮೇಲಿತ್ತು, ಅಂಗಡಿಗೆ ಹೋಗದೆ ಉಳಿದದ್ದು, ಅದೇ ಆರು ಡಬ್ಬ ಒಂದಾಗಿ, ಆರಾಗಿ, ಒಂದಾಗಿ.

ಎಲ್ಲಿ ಉರುಳಿ ಹೋಯಿತೋ, ಒಂದು ವಾಷರ್ ಹೋದರೆ ಏನು ಗಂಟು ಹೋಯಿತು, ಆದರೆ ಇರಬಾರದ ಜಾಗದಲ್ಲಿ ಮೇಸ್ತ್ರಿ ಕಣ್ಣಿಗೆ ಬಿದ್ದರೆ, ಮೊಬೈಲಿನ ಬೆಳಕು ಹಚ್ಚಿದರೆ ಕಿಟಕಿಯಿಂದ ಕಾಣುತ್ತದೆ, ಮೊಣಕಾಲೂರಿ ಬೆಂಚಿನ ಕೆಳಗೆ ತಡಕುತ್ತಾಳೆ, ಎಣ್ಣೆ, ಕಬ್ಬಿಣದ ಪುಡಿ, ಯಾರದೋ ಗುಂಡಿ, ಇಲ್ಲಿಂದ ಎರಡು ಹೆಜ್ಜೆಗೆ ತಗಡು ಒತ್ತುವ ಪ್ರೆಸ್ಸು, ಕತ್ತಲಲ್ಲೂ ಅದು ಇರುವುದು ಗೊತ್ತಾಗುತ್ತದೆ, ಬೆನ್ನಿಗೆ ತಣ್ಣಗೆ. ನಾಳೆ ಆ ಹುಡುಗಿ ಬರುತ್ತಾಳೆ, ವಿಮೆ ಕಚೇರಿಯ ಸಲಹೆಗಾರ್ತಿ, ಪೆಟ್ಟಾದವರನ್ನು ಮತ್ತೆ ಕೆಲಸಕ್ಕೆ ಹಚ್ಚುವುದೇ ಅವಳ ಕೆಲಸ, ಮೇಡಂ, ಮನೇಲಿ ಕೂರಿಸಿದ್ರೆ ಕೈಗಿಂತ ಮೊದಲು ಮನಸ್ಸು ಮರಗಟ್ಟುತ್ತೆ, ಬೇಗ ಕರ್ಕೊಳ್ಳಿ, ಆದ್ರೆ ಸುಳ್ಳು ಕೆಲಸ ಕೊಡಬೇಡಿ, ಅವರಿಗೆ ಗೊತ್ತಾಗಿಬಿಡುತ್ತೆ, ಅಂದಿದ್ದಳು. ಫಾರಂನಲ್ಲಿ ಒಂದು ಪ್ರಶ್ನೆ, ಕೊಟ್ಟಿರುವ ಕೆಲಸ ನಿಜಕ್ಕೂ ಅಗತ್ಯವಾದದ್ದೇ, ಮೊದಲ ಸಲ ಹೌದು ಎಂದು ಬರೆದಾಗ ಅದು ಹೌದೇ ಆಗಿತ್ತು, ನಾಳೆಯೂ ಹೌದು ಬರೆದರೆ ಸುಳ್ಳು, ಇಲ್ಲ ಬರೆದರೆ ಮೇಸ್ತ್ರಿ ಬೀದಿಗೆ, ಬರೆಯದೆ ಬಿಟ್ಟರೆ, ಬಿಡುವ ಹಾಗಿಲ್ಲ. ಆ ಹುಡುಗಿ ಅವರನ್ನೂ ಕೇಳಿದ್ದಳು ಹೋದ ವಾರ, ಕೆಲಸ ಇದೆಯಾ ಸರ್, ಬೇಜಾರಾಗಲ್ವಾ, ಮೇಸ್ತ್ರಿ ಕನ್ನಡಕ ಒರೆಸುತ್ತ, ಬೇಕಾದಷ್ಟಿದೆ ತಾಯಿ, ನಮ್ಮಮ್ಮನ ಹಿಂದಿನ ಕೋಣೆಗೆ ತಳವೇ ಇಲ್ಲ, ಅಂದರು, ಎಲ್ಲರೂ ನಕ್ಕರು, ಅವಳೂ ನಕ್ಕಳು, ಸ್ವಲ್ಪ ಜಾಸ್ತಿಯೇ ನಕ್ಕಳೇನೋ.

ಸಿಕ್ಕಿತು. ಪ್ರೆಸ್ಸಿನ ಕಾಲಿಗೆ ಆತು ಬಿದ್ದಿತ್ತು, ಅಲ್ಲಿಯೇ ಬೀಳಬೇಕಾ, ಅವತ್ತು ಅವರು ನಿಂತಿದ್ದ ಜಾಗ, ಅವಳು ಮೆಟ್ಟಿಲ ಮೇಲಿಂದ ಕೂಗಿದ್ದಳು, ಮೇಸ್ತ್ರೀ, ಕತ್ತರಿ ಎಲ್ಲಿ — ಮೂರೇ ಪದ, ಅವರು ತಿರುಗಿದರು, ಕೈ ತಿರುಗಲಿಲ್ಲ, ಪ್ರೆಸ್ಸು ಇಳಿಯಿತು. ಕತ್ತರಿ ಅವಳ ಮೇಜಿನ ಮೇಲೇ ಇತ್ತು, ದಿನಪತ್ರಿಕೆಯ ಕೆಳಗೆ. ಪ್ರೆಸ್ಸಿನ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸಿರಲಿಲ್ಲ, ಆಸ್ಪತ್ರೆಯಲ್ಲಿ ಗಂಡ ಕೇಳಿದ, ಮೂವತ್ತು ವರ್ಷದ ಕೈ ಮೇಸ್ತ್ರಿ, ಹೇಗಾಯ್ತು, ಅವರು ಗೋಡೆ ನೋಡುತ್ತ, ನನ್ನ ಗಮನ ತಪ್ತು ಯಜಮಾನ್ರೇ, ಅಂದರು, ಅವಳು ಫ್ಲಾಸ್ಕಿನ ಮುಚ್ಚಳ ಹಿಡಿದು ನಿಂತಿದ್ದಳು, ಮುಚ್ಚಳ ಬಿಸಿಯಿತ್ತು, ಈಗ ಹೇಳುತ್ತೇನೆ, ಈಗ, ಎಂದುಕೊಳ್ಳುತ್ತಲೇ ಮುಚ್ಚಳ ಆರಿತು. ಎದ್ದು ಬಕೆಟ್ಟಿಗೆ ಹಾಕಬೇಕು, ಆದರೆ ಬೆರಳು ಬಿಡಲಿಲ್ಲ, ಏನೋ ಚುಚ್ಚುತ್ತದೆ, ವಾಷರಿನ ಅಂಚು ನುಣ್ಣಗಿರಬೇಕು, ಇದಕ್ಕೆ ಹಲ್ಲು ಮೂಡಿದೆ. ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಎಳೆದಳು, ಟಕ್, ಟಕ್, ಅರದಿಂದ ಉಜ್ಜಿ ಮಾಡಿದ ಗೀರುಗಳು, ಮೊದಲನೆಯದು ಓರೆ, ಆಳ, ಅರ ಜಾರಿ ಪಕ್ಕದಲ್ಲೂ ಕೆರೆದಿದೆ, ಎರಡನೆಯದೂ ಓರೆ, ಎಣಿಸಿದಳು, ಒಂಬತ್ತು, ಇನ್ನೊಂದು ಸಲ, ಒಂಬತ್ತು. ಹೋದ ರಾತ್ರಿಯವರೆಗೆ ಅವಳು ಎಷ್ಟು ಸಲ ಇಳಿದು ಬಂದಿದ್ದಳು, ಬೇಡ, ಗೊತ್ತು.

ಹಾಗಾದರೆ ಮೊದಲ ಬೆಳಿಗ್ಗೆಯೇ. ಡಬ್ಬದೊಳಗೆ ಕೈ ಹಾಕಿದ ಕೂಡಲೇ ಗೊತ್ತಾಗಿದೆ, ಧೂಳಿಗೆ ಮೋಸಹೋಗುವ ಕೈಯಾ ಅದು, ಅನುಮಾನಕ್ಕೆ ಒಂದನ್ನು ಎತ್ತಿ ಗೀರಿ ಡಬ್ಬಕ್ಕೆ ಹಾಕಿದ್ದಾರೆ, ಮರುದಿನ ಅದೇ ಕೈಗೆ ಬಂದಿದೆ, ಇನ್ನೊಂದು ಗೀರಿದ್ದಾರೆ, ಮರುದಿನ ಇನ್ನೊಂದು, ದಿನಾ ಅದಕ್ಕಾಗಿ ಕಾದು ಕೂತಿದ್ದಾರೆ, ಅವಳು ಧೂಳು ಉದುರಿಸಿ ತಂದಿಟ್ಟು ಮುಖ ನೋಡಿದಾಗಲೆಲ್ಲ ಹೂಂ ಅಮ್ಮ, ಹೂಂ ಅಮ್ಮ, ಒಂಬತ್ತು ಹೂಂ. ನಗುತ್ತಿದ್ದಾರಾ ಒಳಗೊಳಗೆ, ಬೈಯುತ್ತಿದ್ದಾರಾ, ಇಲ್ಲ ಅವಳ ಮಾನ ಕಾಯುತ್ತಿದ್ದಾರಾ, ಆಸ್ಪತ್ರೆಯಲ್ಲಿ ಕಾದ ಹಾಗೆ, ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಅರ ಹಿಡಿದದ್ದು ಎಡಗೈಯಾ, ಅಥವಾ ಎರಡು ಬೆರಳು ಮಡಚದ ಆ ಬಲಗೈಯಾ, ಒಂಬತ್ತನೆಯ ಗೀರು ನೆಟ್ಟಗಿದೆ, ದಾರ ಹಿಡಿದು ಎಳೆದ ಹಾಗೆ.

ಯಾರದು ಕೆಳಗೆ, ಗಂಡ, ಮೆಟ್ಟಿಲ ತುದಿಯಲ್ಲಿ, ಗೊರಕೆ ಯಾವಾಗ ನಿಂತಿತು, ನಾನೇ, ಇಲಿ ಓಡಿದ ಹಾಗಾಯ್ತು, ಅಂದಳು, ಇಲಿ ಹಿಡಿಯೋಕೆ ಹೊಸ ಬೆಕ್ಕು ಸಾಕಿದೀನಾ ನಾನು, ಬಾ ಮಲಗು, ನಾಳೆ ಆ ವಿಮೆಯವಳು ಬರ್ತಾಳೆ, ಹೂಂ ಬಂದೆ ನೀವು ಹೋಗಿ — ಅವಳಿಗೂ ಹೂಂ ಬರುತ್ತದೆ. ಈಗ ಈ ಬಿಲ್ಲೆಯನ್ನು ಸೆರಗಿಗೆ ಕಟ್ಟಿಕೊಂಡು ಹೋದರೆ ಬೆಳಿಗ್ಗೆ ಅವರು ಹುಡುಕುತ್ತಾರೆ, ಸಿಗದಿದ್ದರೆ ಅವಳಿಗೆ ಗೊತ್ತಾಯಿತೆಂದು ಅವರಿಗೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಇಬ್ಬರೂ ಎದುರುಬದುರು ಕೂತು ಆ ಹುಡುಗಿಯ ಮುಂದೆ ಮುಖ ತೋರಿಸುವುದು ಹೇಗೆ, ಹಾಕಿಬಿಟ್ಟರೆ ಹತ್ತನೆಯ ದಿನ. ನಾಳೆ ರಾತ್ರಿಯಿಂದ ಕಲೆಸದೆ ಬಿಟ್ಟರೆ ಆರು ಡಬ್ಬ ಬೆಂಚಿನ ಮೇಲೆ ತುಂಬಿ ಕೂತಿರುತ್ತವೆ, ನಾಳೆ ಏನು ಅಮ್ಮ ಅನ್ನುತ್ತ. ಹೇಳುವುದಿಲ್ಲ, ಗಂಡನಿಗಿಲ್ಲ, ಆ ಹುಡುಗಿಗಿಲ್ಲ, ಮೇಸ್ತ್ರಿಗಂತೂ ಇಲ್ಲವೇ ಇಲ್ಲ, ಕತ್ತರಿಯೂ ಇಲ್ಲ, ಡಬ್ಬವೂ ಇಲ್ಲ, ಯಾರಿಗೂ. ಮುಷ್ಟಿಯನ್ನು ಬಕೆಟ್ಟಿನ ಮೇಲೆ ಹಿಡಿದಳು, ತೆರೆದಳು, ಟವೆಲ್ಲಿನ ಮೇಲಿನ ರಾಶಿಯಲ್ಲಿ ಅದು ಹೆಚ್ಚು ಸದ್ದಿಲ್ಲದೆ ಬಿತ್ತು, ತೋಳು ಮೇಲೇರಿಸಿ ಕಲೆಸತೊಡಗಿದಳು, ಕಲೆಸಿದಷ್ಟೂ ಅದೇ ಬೆರಳಿಗೆ ಬರುತ್ತಿದೆ, ಅರ್ಧ ಸುತ್ತು ಒಂಬತ್ತು ಹಲ್ಲು, ಉಳಿದರ್ಧ ನುಣ್ಣಗೆ ಖಾಲಿ, ಒಂಬತ್ತು ಹಲ್ಲು, ಆಮೇಲೆ ಖಾಲಿ, ಒಂಬತ್ತು ಹಲ್ಲು —